ಡಿಸೆಂಬರ್‌ನಲ್ಲಿ ಬರುವ ಸ್ವಯಂಸೇವಕರಿಗೆ ಕೊಡಗಿನ ಕಾಡಲ್ಲಿ ಏನು ಕೆಲಸ?

ಮಳೆಕಾಡಿನ ಮರವಾದ ಸಾಲುಧೂಪದ ಕಾಯಿ ಉದುರುವುದು ಮುಂಗಾರು ಹಿಡಿಯುವ ಹೊತ್ತಿಗೆ. ಮರದ ಬುಡದಲ್ಲಿ ತರಗೆಲೆ ಸರಿಸಿದರೆ ಸಿಗುತ್ತದೆ. ಹೆಚ್ಚುಕಡಿಮೆ ಕೋಳಿಮೊಟ್ಟೆ ಗಾತ್ರ, ಕಂದು ಸಿಪ್ಪೆ, ಕೈಗೆ ತೂಕ. ಕೆಲವು ಬಿದ್ದಲ್ಲೇ ಸಿಪ್ಪೆ ಬಿರಿದು ಬೇರು ಬಿಟ್ಟಿರುತ್ತವೆ. ಹೆಕ್ಕಿ ತಂದವರು ತಡ ಮಾಡುವ ಹಾಗಿಲ್ಲ, ಹಸಿ ಇರುವಾಗಲೇ ತೊಟ್ಟೆಯ, ಅಂದರೆ ನರ್ಸರಿ ಚೀಲದ, ಮಣ್ಣಿಗೆ ಸೇರಿಸಬೇಕು. ಮುಂದಿನ ವರ್ಷಕ್ಕೆ ಇರಲಿ ಅಂತ ಒಣಗಿಸಿ ಡಬ್ಬಿಯಲ್ಲಿಟ್ಟರೆ ಬೀಜ ಸತ್ತಂತೆ. ತೇಗದ ಬೀಜವನ್ನು ಚೀಲ ಕಟ್ಟಿ ವರ್ಷಗಟ್ಟಲೆ ಇಡಬಹುದು. ಮಳೆಕಾಡಿನ ಬಹಳಷ್ಟು ಮರಗಳ ಬೀಜಕ್ಕೆ ಆ ತಾಳ್ಮೆ ಇಲ್ಲ.

ಈ ಕೆಲಸಕ್ಕೆ ಕೈ ಬೇಕಾಗುವ ಜೂನ್, ಜುಲೈಯಲ್ಲಿ ಕೊಡಗಿಗೆ ಸ್ವಯಂಸೇವಕರು ಬರುವುದು ಅಷ್ಟಕ್ಕಷ್ಟೇ. ಆಗ ಜಿಗಣೆ, ಗಾಳಿ, ರಸ್ತೆಗೆ ಅಡ್ಡ ಬಿದ್ದ ಮರ, ದಿನಗಟ್ಟಲೆ ಕರೆಂಟ್ ಇಲ್ಲದ ಮನೆ. ಭಾಗಮಂಡಲ ಕಡೆ ವಾರವಿಡೀ ಬಟ್ಟೆ ಒಣಗುವುದಿಲ್ಲ. ಸುಗ್ಗಿ ಹಬ್ಬ ಪುತ್ತರಿ ಮುಗಿದು ಆಕಾಶ ತಿಳಿಯಾದ ಮೇಲೆ ಜನ ಬರುತ್ತಾರೆ. ಬೆಂಗಳೂರಿನ ಕಂಪನಿಗಳ ತಂಡ, ಕಾಲೇಜಿನ ಎನ್‌ಎಸ್‌ಎಸ್ ಶಿಬಿರ, ಓದಿನ ನಡುವೆ ಬಿಡುವು ಮಾಡಿಕೊಂಡ ಹೊರದೇಶದ ಹುಡುಗ ಹುಡುಗಿಯರು. ಬಂದವರಿಗೆ ಸಸಿ ನೆಡುವ ಆಸೆ. ಡಿಸೆಂಬರ್‌ನಲ್ಲಿ ನೆಟ್ಟ ಸಸಿಗೆ ಮುಂದೆ ಸಿಗುವುದು ಫೆಬ್ರವರಿ, ಮಾರ್ಚಿನ ಬಿಸಿಲು. ನೀರು ಹೊರುವವರು ಯಾರು?

ಸ್ವಯಂಸೇವಕರು ಬೇಡ ಅಂತ ನಾನು ಹೇಳುತ್ತಿಲ್ಲ. ಕೊಡಗಿನ ಕಾಡಿಗೆ ಕೈಗಳು ಖಂಡಿತ ಬೇಕು. ತೊಂದರೆ ಇರುವುದು ಹೊಂದಾಣಿಕೆಯಲ್ಲಿ. ಕೆಲಸ ಇರುವ ತಿಂಗಳು ಒಂದು, ಜನ ಬರುವ ತಿಂಗಳು ಇನ್ನೊಂದು. ಕೆಲಸ ಇರುವ ಜಾಗ ಒಂದು, ಜನ ನೋಡಬೇಕೆನ್ನುವ ಜಾಗ ಇನ್ನೊಂದು. ಪಾಠ ಹೇಳುವುದು ಒಬ್ಬರಿಗೆ, ಮರ ಕಡಿಯುವ ತೀರ್ಮಾನ ಮಾಡುವವರು ಮತ್ತೊಬ್ಬರು.

ಮೊದಲು ಜಾಗದ ಮಾತು. ಕೊಡಗು ಅಂದರೆ ಉದ್ದಕ್ಕೂ ಮಳೆಕಾಡು ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ಹಾಗಿಲ್ಲ. ಪೂರ್ವಕ್ಕೆ ನಾಗರಹೊಳೆ ಕಡೆಯದು ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡು. ನಿಜವಾದ ನಿತ್ಯಹಸಿರು ಕಾಡು ಇರುವುದು ಪಶ್ಚಿಮದ ಅಂಚಿನಲ್ಲಿ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಧಾಮಗಳು, ಪದಿನಾಲ್ಕುನಾಡು ಮತ್ತು ಕೆರ್ಟಿ ಮೀಸಲು ಅರಣ್ಯ, ಮಾಕುಟ್ಟದ ಘಾಟಿ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಈ ಮೂರು ವನ್ಯಧಾಮ, ಎರಡು ಮೀಸಲು ಅರಣ್ಯವೂ ಅದರಲ್ಲಿ ಸೇರಿದವು.

ಈ ಕಾಡಿನೊಳಗೆ ಸ್ವಯಂಸೇವಕರಿಗೆ ಸಸಿ ನೆಡುವ ಕೆಲಸ ಇಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ವನ್ಯಧಾಮದೊಳಗೆ ಅನುಮತಿ ಇಲ್ಲದೆ ಕಾಲಿಡುವುದೇ ಅಪರಾಧ. ಅಲ್ಲದೆ ಗಟ್ಟಿಯಾಗಿ ನಿಂತಿರುವ ಕಾಡಿಗೆ ನಮ್ಮ ಸಸಿ ಬೇಕಾಗಿಯೂ ಇಲ್ಲ. ಮಂಗಟ್ಟೆ ಹಕ್ಕಿ, ಕಬ್ಬೆಕ್ಕು, ಬಾವಲಿ, ಮಂಗ ಎಲ್ಲ ಸೇರಿ ಬೀಜ ಹರಡುವ ಕೆಲಸವನ್ನು ನಮಗಿಂತ ಎಷ್ಟೋ ಚೆನ್ನಾಗಿ ಮಾಡುತ್ತವೆ. ಕೆಲಸ ಇರುವುದು ಹೊರಗೆ: ಕಾಫಿ ತೋಟದಲ್ಲಿ, ದೇವರಕಾಡಿನಲ್ಲಿ, ಪೈಸಾರಿ ಅನ್ನುವ ಸರ್ಕಾರಿ ಜಾಗದಲ್ಲಿ, ಹೊಳೆ ದಡದಲ್ಲಿ, ತೋಟದ ಕೆಲಸಗಾರರ ಲೈನ್ ಮನೆಯಲ್ಲಿ, ಶಾಲೆಯಲ್ಲಿ. ಈ ಜಾಗಗಳ ಫೋಟೋ ಹಾಕಿದರೆ ಯಾರೂ ದುಡ್ಡು ಕೊಟ್ಟು ಬರುವುದಿಲ್ಲ, ಅದು ಬೇರೆ ಮಾತು.

ಸಸಿ ನೆಡುವುದರಲ್ಲೂ ನೆಡುವ ದಿನದ ಕೆಲಸ ತೀರಾ ಕಡಿಮೆ. ಬೀಜ ಸಿಕ್ಕಮೇಲೆ ತೊಟ್ಟೆಯಲ್ಲಿ ಒಂದು ವರ್ಷ, ಕೆಲವು ಜಾತಿಗೆ ಎರಡು ವರ್ಷ ಬೆಳೆಸಬೇಕು, ಅದೂ ನೆರಳಲ್ಲಿ. ನೆಟ್ಟಮೇಲೆ ಮಳೆ ನಿಂತ ಕೂಡಲೇ ಸುತ್ತ ಕಳೆ ತೆಗೆಯಬೇಕು. ಲಂಟಾನ, ಕಮ್ಯುನಿಸ್ಟ್ ಗಿಡ, ಮೈಕೇನಿಯಾ ಬಳ್ಳಿ, ಮೂರರಲ್ಲಿ ಯಾವುದಾದರೂ ಒಂದು ಹಬ್ಬಿದರೂ ಸಸಿ ಉಸಿರು ಕಟ್ಟಿ ಸಾಯುತ್ತದೆ. ದನ ಬರದ ಹಾಗೆ ಬೇಲಿ ಬೇಕು. ಸತ್ತ ಕಡೆ ಮತ್ತೆ ನೆಡಬೇಕು. ಮೂರು ವರ್ಷ ಹೀಗೆ ಮಾಡಿದರೆ ಆಮೇಲೆ ಅದರ ಪಾಡಿಗೆ ಅದು ಬೆಳೆದುಕೊಳ್ಳುತ್ತದೆ. ತಮಿಳುನಾಡಿನ ವಾಲ್ಪಾರೈಯಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಟೀ, ಕಾಫಿ ತೋಟಗಳ ನಡುವೆ ಉಳಿದ ಮಳೆಕಾಡಿನ ತುಂಡುಗಳಲ್ಲಿ 2000ದ ದಶಕದ ಶುರುವಿನಿಂದ ಇದೇ ಕೆಲಸ ಮಾಡುತ್ತಿದ್ದಾರೆ. ಸ್ಥಳೀಯ ಜಾತಿಗಳ ನರ್ಸರಿ, ಕಳೆ ತೆಗೆಯುವುದು, ನೆಟ್ಟದ್ದರಲ್ಲಿ ಎಷ್ಟು ಬದುಕಿತು ಅಂತ ಲೆಕ್ಕ ಇಡುವುದು. ತೋಟದ ಕಂಪನಿಗಳ ಜೊತೆ ಮಾತಾಡಿಕೊಂಡು, ಊರಿನವರನ್ನೇ ಕೆಲಸಕ್ಕೆ ಇಟ್ಟುಕೊಂಡು ಮಾಡಿದ್ದಕ್ಕೇ ಅದು ಇಷ್ಟು ವರ್ಷ ನಡೆದಿದೆ.

ನಮ್ಮಲ್ಲಿ ಪ್ರತಿ ಜೂನ್ 5ರ ಪರಿಸರ ದಿನಕ್ಕೆ, ಮಣ್ಣಿನ ಉಂಡೆಯಲ್ಲಿ ಬೀಜ ಸೇರಿಸಿದ ಬೀಜದುಂಡೆ ಎಸೆಯುವ ಹಬ್ಬ ಇದೆಯಲ್ಲ, ಅದರ ಬಗ್ಗೆ ಒಂದು ಮಾತು ಹೇಳಲೇಬೇಕು. ಒಣನಾಡಿನ ಗುಡ್ಡದಲ್ಲಿ, ಗಟ್ಟಿ ಸಿಪ್ಪೆಯ ಬೀಜ ಹಾಕಿ ಮಾಡಿದರೆ ಏನಾದರೂ ಪ್ರಯೋಜನ ಆಗಬಹುದೇನೋ. ಕೊಡಗಿನ ಮಟ್ಟಿಗೆ ಅದು ಮಕ್ಕಳಿಗೆ ಮಣ್ಣಾಟ ಅಷ್ಟೇ. ಧೂಪದ ಬೀಜ ಉಂಡೆ ಒಣಗಿಸುವಾಗಲೇ ಸಾಯುತ್ತದೆ. ಅದು ಹೇಗೋ ಉಳಿದು ಮೊಳೆತರೂ ಬಯಲಿನಲ್ಲಿ ನೆರಳಿಲ್ಲದೆ ನಿಲ್ಲುವುದಿಲ್ಲ.

ನೆಡುವುದಕ್ಕಿಂತ ಕಾವಲಿನಿಂದ ಕಾಡು ಉಳಿಸಿದ ಉದಾಹರಣೆ ಜಿಲ್ಲೆಯಲ್ಲೇ ಇದೆ. ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಲ್ಲಿ ಬ್ರಹ್ಮಗಿರಿ ತಪ್ಪಲಿನಲ್ಲಿ ಪಾಳುಬಿದ್ದ ತೋಟ ಕೊಂಡರು. ಆಮೇಲೆ ಅಕ್ಕಪಕ್ಕದ ಜಮೀನನ್ನೂ ಸೇರಿಸುತ್ತ ಹೋದರು. ಅದು ಸುಮಾರು 300 ಎಕರೆಯ ಸಾಯಿ ಸ್ಯಾಂಕ್ಚುರಿ ಆಯಿತು. ಅವರು ಮಾಡಿದ್ದರಲ್ಲಿ ಮುಖ್ಯವಾದದ್ದು ಕಾವಲು. ಕಡಿಯುವವರನ್ನು, ಬೇಟೆಯವರನ್ನು ಹೊರಗಿಟ್ಟು ಕಾಡನ್ನು ಅದರ ಪಾಡಿಗೆ ಬಿಟ್ಟರು. ಪಕ್ಕದಲ್ಲೇ ಗಟ್ಟಿ ಕಾಡು ಇದ್ದದ್ದರಿಂದ ಬೀಜ ತಾನಾಗಿ ಬಂತು. ಎಲ್ಲರಿಗೂ ಹೀಗೆ ಜಮೀನು ಕೊಳ್ಳಲು ಆಗುವುದಿಲ್ಲ, ಇವತ್ತಿನ ಕೊಡಗಿನ ರೇಟಿಗಂತೂ ಕನಸಿನ ಮಾತು. ಆದರೆ ಕಾಡಂಚಿನ ಜಾಗಕ್ಕೆ ಸಸಿಗಿಂತ ಕಾವಲು ಮುಖ್ಯ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ದೇವರಕಾಡಿನ ಲೆಕ್ಕವೂ ಇದೇ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಎಷ್ಟೋ ಕಡೆ ಅಯ್ಯಪ್ಪನ ಹೆಸರಲ್ಲಿ, ಹರಕೆಯ ಮಣ್ಣಿನ ನಾಯಿಗಳ ಸಾಲಿನೊಂದಿಗೆ. ಕೆಲವು ಹತ್ತಾರು ಎಕರೆ, ಹಲವು ಒಂದೆರಡು ಎಕರೆಯ ತುಂಡು. ಒತ್ತುವರಿ ಆಗಿದೆ, ಅಂಚು ಸವೆದಿದೆ. ಆದರೂ ಸುತ್ತ ಬರೀ ತೋಟ ಇರುವ ಕಡೆ ಹಳೆಯ ಕಾಡುಮರ ಬೀಜ ಕೊಡುವಷ್ಟು ದೊಡ್ಡದಾಗಿ ಉಳಿದಿರುವುದು ಅಲ್ಲೇ. ನರ್ಸರಿ ಮಾಡುವವರಿಗೆ ಅದು ಬೀಜದ ಕಣಜ. ಹೊರಗಿನಿಂದ ಬಂದವರು ಅಲ್ಲಿ ಕೆಲಸ ಮಾಡಬೇಕಾದರೆ ದೇವಸ್ಥಾನ ಸಮಿತಿ, ಊರ ಮುಖ್ಯಸ್ಥರಾದ ತಕ್ಕರು, ಅರಣ್ಯ ಇಲಾಖೆ, ಎಲ್ಲರ ಒಪ್ಪಿಗೆ ಬೇಕು. ಕೆಲವು ಕಾಡಿಗೆ ಹಬ್ಬದ ದಿನ ಬಿಟ್ಟರೆ ಊರಿನವರೇ ಹೋಗುವುದಿಲ್ಲ. ಅಂಥ ಕಡೆ ಸುಮ್ನೆ ಹೊರಗೆ ನಿಲ್ಲುವುದೇ ಸೇವೆ.

ಈಗ ಕಾಫಿ ತೋಟಕ್ಕೆ ಬರೋಣ. ಕೊಡಗಿನ ಮರಗಳ ಹಣೆಬರಹ ಬರೆಯುವುದು ಇಲ್ಲಿ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಈ ಪುಟ್ಟ ಜಿಲ್ಲೆಯದು, ಅದರ ಬಹುಪಾಲು ಬೆಳೆಯುವುದು ಮರದ ನೆರಳಲ್ಲಿ. ಹಳೆಯ ತೋಟದಲ್ಲಿ ಹೆಬ್ಬಲಸು, ನಂದಿ, ಹೊನ್ನೆ, ಬೀಟೆ, ಅತ್ತಿ, ಬಸರಿ, ನೇರಳೆ ಎಲ್ಲ ಇರುತ್ತವೆ. ಅತ್ತಿ ಹಣ್ಣಾದಾಗ ಅಂಥ ತೋಟದಲ್ಲಿ ಮಂಗಟ್ಟೆ ಕೂಗುವುದು ಕೇಳಿದವರಿಗೆ ತೋಟ ಯಾವುದು, ಕಾಡು ಯಾವುದು ಅಂತ ಗೆರೆ ಎಳೆಯುವುದು ಕಷ್ಟ. ಪಶ್ಚಿಮದ ಕಾಡನ್ನೂ ಪೂರ್ವದ ಕಾಡನ್ನೂ ಹಕ್ಕಿ, ಪ್ರಾಣಿಗಳ ಮಟ್ಟಿಗೆ ಜೋಡಿಸಿರುವುದು ಈ ತೋಟಗಳೇ.

ಕೆಲವು ದಶಕಗಳಿಂದ ಆ ಮರಗಳ ಜಾಗಕ್ಕೆ ಸಿಲ್ವರ್ ಓಕ್ ಬರುತ್ತಿದೆ. ಆಸ್ಟ್ರೇಲಿಯಾ ಮೂಲದ ಮರ. ಬೇಗ ಬೆಳೆಯುತ್ತದೆ, ಬೊಡ್ಡೆ ನೆಟ್ಟಗೆ ಇರುವುದರಿಂದ ಮೆಣಸಿನ ಬಳ್ಳಿ ಹಬ್ಬಿಸಲು ಸಲೀಸು, ನೆರಳು ಹದ ಮಾಡಲು ಕೊಂಬೆ ಸವರುವ ಮರಗಸಿಯ ಖರ್ಚೂ ಕಡಿಮೆ. ಆದರೆ ಹಕ್ಕಿಗೆ ತಿನ್ನಲು ಹಣ್ಣಿಲ್ಲ. ಮಂಗಟ್ಟೆಗೆ ಗೂಡು ಮಾಡಲು ಹಳೆಮರದ ಪೊಟರೆ ಬೇಕು, ಅದು ಸಿಲ್ವರ್‌ನಲ್ಲಿ ಎಲ್ಲಿಂದ ಬರಬೇಕು?

ಇಲ್ಲಿಗೆ ಸ್ವಯಂಸೇವಕರು ಬಂದು ಬೆಳೆಗಾರರಿಗೆ ತಿಳಿವಳಿಕೆ ಕೊಡುತ್ತೇವೆ ಅನ್ನುತ್ತಾರೆ. ಕಾಡುಮರ ಉಳಿಸಿ, ಸಿಲ್ವರ್ ಬೇಡ ಅಂತ ಸ್ಲೈಡ್ ತೋರಿಸುತ್ತಾರೆ. ಬೆಳೆಗಾರರಿಗೆ ಇದು ಗೊತ್ತಿಲ್ಲದ ವಿಷಯ ಏನಲ್ಲ. ಕಾಡುಮರದ ನೆರಳಲ್ಲಿ ಮಣ್ಣು ತಂಪಿರುತ್ತದೆ, ತರಗೆಲೆ ಗೊಬ್ಬರ ಆಗುತ್ತದೆ ಅಂತ ಅವರ ಅಜ್ಜನ ಕಾಲದಿಂದ ಗೊತ್ತು. ಅವರ ಕಷ್ಟ ಕಾನೂನಿನದು. ಸಿಲ್ವರ್ ಕಡಿದು ಮಾರಲು ಅರಣ್ಯ ಇಲಾಖೆಯ ಅನುಮತಿಗೆ ಕಾಯಬೇಕಿಲ್ಲ. ಕಾಡುಮರ ಕಡಿಯಬೇಕಾದರೆ ಅರ್ಜಿ, ಸರ್ವೆ, ಓಡಾಟ. ಕೊಡಗಿನ ಹಳೆಯ ಭೂಹಿಡುವಳಿಯಲ್ಲಿ ಇನ್ನೂ ಒಂದು ಗಂಟು ಇದೆ. ಗದ್ದೆಗೆ ಸೇರಿಸಿ ಕೊಟ್ಟ ಎಷ್ಟೋ ಬಾಣೆ ಜಾಗದಲ್ಲಿ ಸಾಗುವಳಿ ರೈತನದು, ಹಳೆಯ ಮರ ಸರ್ಕಾರದ್ದು. ತನ್ನ ತೋಟದಲ್ಲೇ ನಿಂತ ಮರ ತನ್ನದಲ್ಲ ಅಂದಮೇಲೆ ತಾನಾಗಿ ಹುಟ್ಟಿದ ಕಾಡುಸಸಿಯನ್ನು ಯಾರು ಬೆಳೆಯಲು ಬಿಡುತ್ತಾರೆ? ಕಳೆ ಕೊಚ್ಚುವಾಗ ಅದೂ ಹೋಗುತ್ತದೆ. ಮರ ಉಳಿಸಲು ಬಂದ ನಿಯಮವೇ ಹೊಸ ಕಾಡುಮರ ಹುಟ್ಟದ ಹಾಗೆ ಮಾಡಿದೆ.

ಆದ್ದರಿಂದ ಇಲ್ಲಿ ತಿಳಿವಳಿಕೆ ಪಾಠಕ್ಕಿಂತ ಕಾಗದಪತ್ರದ ಸಹಾಯ ಜಾಸ್ತಿ ಕೆಲಸಕ್ಕೆ ಬರುತ್ತದೆ. ತೋಟದಲ್ಲಿ ಯಾವ ಜಾತಿಯ ಮರ ಎಷ್ಟಿದೆ, ಸುತ್ತಳತೆ ಎಷ್ಟು ಅಂತ ಪಟ್ಟಿ ಮಾಡಿಕೊಡುವುದು. ನೆರಳು ಉಳಿಸಿದ ಕಾಫಿಗೆ ಒಳ್ಳೆಯ ಬೆಲೆ ಕೊಡುವ ಪ್ರಮಾಣಪತ್ರಗಳಿಗೆ ಬೇಕಾದ ದಾಖಲೆ ಜೋಡಿಸುವುದು. ಸಣ್ಣ ಬೆಳೆಗಾರರಿಗೆ ಇದಕ್ಕೆಲ್ಲ ಪುರುಸೊತ್ತೂ ಇರುವುದಿಲ್ಲ, ಲೆಕ್ಕ ಬರೆಯುವ ರೈಟರ್ ಇಟ್ಟುಕೊಳ್ಳುವ ಶಕ್ತಿಯೂ ಇರುವುದಿಲ್ಲ. ಕಂಪ್ಯೂಟರ್ ಗೊತ್ತಿರುವ ಬೆಂಗಳೂರಿನ ಹುಡುಗರಿಗೆ ಹೇಳಿಮಾಡಿಸಿದ ಕೆಲಸ. ಪೊನ್ನಂಪೇಟೆಯ ಅರಣ್ಯ ಕಾಲೇಜು ಪಕ್ಕದಲ್ಲೇ ಇದೆ. ಮರದ ಹೆಸರು ಗೊತ್ತಾಗದಿದ್ದರೆ ಅಲ್ಲಿ ಕೇಳಬಹುದು. ತೋಟದ ಹಳೆಯ ಕೆಲಸಗಾರರನ್ನು ಕೇಳಿದರೆ ಇನ್ನೂ ಬೇಗ ಗೊತ್ತಾಗುತ್ತದೆ.

ಸಸಿಯ ಆಯ್ಕೆಯಲ್ಲೂ ಊರಿನವರನ್ನು ಕೇಳದೆ ಕೆಟ್ಟ ಕೆಲಸ ಮಾಡಬಹುದು. ಪ್ರಾಣಿಗಳಿಗೆ ಆಹಾರ ಆಗಲಿ ಅಂತ ಹಲಸು ನೆಡುವುದು ಕೇಳಲು ಚೆಂದ. ಆದರೆ ಹಲಸು ಹಣ್ಣಾಗುವ ಕಾಲಕ್ಕೆ ಆನೆ ವಾಸನೆ ಹಿಡಿದು ಬರುತ್ತದೆ. ಆನೆ ಬರದಿರಲಿ ಅಂತ ಎಷ್ಟೋ ತೋಟದವರು ಹಲಸನ್ನು ಎಳೆಗಾಯಿ ಇರುವಾಗಲೇ ಕೊಯ್ದು ಹಾಕುತ್ತಾರೆ. ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಕಡೆ ಬೆಳಿಗ್ಗೆ ಕೆಲಸಕ್ಕೆ ನಡೆದು ಹೋಗುವವರು ಆನೆ ಎಲ್ಲಿದೆ ಅಂತ ಕೇಳಿಕೊಂಡೇ ಹೊರಡುತ್ತಾರೆ. ಲೈನ್ ಮನೆ ಪಕ್ಕ ಹಣ್ಣಿನ ಮರ ನೆಟ್ಟು ಫೋಟೋ ಹಿಡಿದು ಹೋದವರಿಗೆ ಆ ದಾರಿಯಲ್ಲಿ ನಡೆಯುವ ಕಷ್ಟ ಇಲ್ಲ, ಅಲ್ವಾ?

ಸಮುದಾಯ ಶಿಕ್ಷಣ ಅಂದಕೂಡಲೇ ಎಲ್ಲರೂ ಶಾಲೆಗೆ ಹೋಗುತ್ತಾರೆ. ಮಕ್ಕಳು ಸಿಗುತ್ತಾರೆ, ಚಪ್ಪಾಳೆ ಸಿಗುತ್ತದೆ. ಒಳ್ಳೆಯ ಕೆಲಸ ಆಗಿರುವುದೂ ಉಂಟು. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನದಲ್ಲಿ ಸರ್ಕಾರಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತಾರೆ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ 2018ರಲ್ಲಿ ಶುರು ಮಾಡಿದ ವೈಲ್ಡ್ ಶಾಲೆ ಕಾಡಂಚಿನ ಶಾಲೆಗಳಲ್ಲಿ ಆಟ, ಕಥೆ, ಚಿತ್ರದ ಮೂಲಕ ಪಾಠ ಮಾಡುತ್ತದೆ. ಪ್ರಾಣಿ ಎದುರಾದರೆ ಹೇಗಿರಬೇಕು ಅನ್ನುವುದನ್ನೂ ಹೇಳಿಕೊಡುತ್ತದೆ. ಒಂದೇ ದಿನ ಬಂದು ಹೋಗದೆ ಹಲವು ತರಗತಿ ನಡೆಸುವುದು ಅದರ ಬಲ. ಒಂದು ದಿನದ ಸ್ವಯಂಸೇವಕರು ಹೀಗೆ ಆಗಲೇ ನಡೆಯುತ್ತಿರುವ ಕಾರ್ಯಕ್ರಮಕ್ಕೆ ಕೈಜೋಡಿಸಿದರೆ ಸರಿ. ಇಂಗ್ಲಿಷಿನಲ್ಲಿ ಅಮೆಜಾನ್ ಕಾಡಿನ ವಿಡಿಯೋ ತೋರಿಸಿ ಹೋಗುವುದರಿಂದ ಏನು ಬಂತು?

ಭಾಷೆಯ ಕಷ್ಟವೂ ಇದೆ. ಕೊಡಗಿನ ಒಂದು ಸರ್ಕಾರಿ ಶಾಲೆಯ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಮಾತು ಎಲ್ಲ ಮನೆಮಾತಾಗಿ ಇರಬಹುದು. ಇತ್ತೀಚೆಗೆ ಅಸ್ಸಾಂ, ಬಂಗಾಳದಿಂದ ತೋಟಕ್ಕೆ ಬಂದವರ ಮಕ್ಕಳೂ ಸೇರಿದ್ದಾರೆ. ಕಾಡಿನ ಬಗ್ಗೆ ಹೆಚ್ಚು ತಿಳಿದ ಮಗು ಇವರಲ್ಲಿ ಯಾರು ಅಂದರೆ ಆದಿವಾಸಿಗಳ ಹಾಡಿಯಿಂದ ಬಂದದ್ದೇ ಇರಬೇಕು. ಅದು ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂತಿರುತ್ತದೆ. ಅದಕ್ಕೆ ಗೊತ್ತಿರುವ ಗೆಣಸು, ಜೇನು, ಅಣಬೆ, ಹಕ್ಕಿಯ ಕೂಗು ಯಾವುದೂ ಪಾಠದಲ್ಲಿ ಬರುವುದಿಲ್ಲ.

ನನಗೆ ಇಲ್ಲಿ ಬೇಸರವಾಗುವ ಸಂಗತಿ ಒಂದಿದೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದರು. 2025ರ ಮೇಯಲ್ಲಿ 52 ಜೇನುಕುರುಬ ಕುಟುಂಬಗಳು ನಾಗರಹೊಳೆಯೊಳಗಿನ ತಮ್ಮ ಹಳೆಯ ಹಾಡಿ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ, 2006ರ ಅರಣ್ಯ ಹಕ್ಕು ಕಾಯ್ದೆ ತೋರಿಸಿ ಅಲ್ಲೇ ಕೂತರು. ಕಾಡಲ್ಲಿ ಹುಟ್ಟಿ ಬೆಳೆದವರಿಗೆ ಒಳಗಿರಲು ಜಾಗ ಇಲ್ಲ, ಹತ್ತು ದಿನಕ್ಕೆ ಬಂದವರು ಕಾಡು ಉಳಿಸುವವರು. ಕಾನೂನಿನ ವಾದ ಎರಡೂ ಕಡೆ ಇದೆ, ಅದನ್ನು ಇಲ್ಲಿ ಬಿಡಿಸಲು ಹೋಗುವುದಿಲ್ಲ. ಆದರೆ ಸಮುದಾಯ ಶಿಕ್ಷಣ ಅಂತ ಹೆಸರಿಟ್ಟುಕೊಂಡ ಕಾರ್ಯಕ್ರಮದಲ್ಲಿ ಹಾಡಿಯ ಹಿರಿಯರು ಮೇಷ್ಟ್ರಾಗಿ ಬರಬೇಕು, ಅವರಿಗೆ ದಿನದ ಸಂಬಳವನ್ನೂ ಸರಿಯಾಗಿ ಕೊಡಬೇಕು. ಈಗ ಹೆಚ್ಚಿನ ಕಡೆ ಅವರು ಬರುವುದು ದಾರಿ ತೋರಿಸಲು, ಇಲ್ಲವೇ ಊಟದ ಹೊತ್ತಿಗೆ ಕುಣಿದು ತೋರಿಸಲು.

ಊರಿನ ಮಕ್ಕಳಿಗೂ ಆಗಲೇ ಗೊತ್ತಿರುವ ಗಿಡದಿಂದ ಪಾಠ ಶುರು ಮಾಡಬಹುದು. ಮಳೆಗಾಲದ ಕೊಡವ ತಿಂಗಳು ಕಕ್ಕಡದ 18ನೇ ದಿನ ಕೊಡಗಿನ ಮನೆಮನೆಯಲ್ಲಿ ಮದ್ದ್ ತೊಪ್ಪಿನ, ಅಂದರೆ ಮದ್ದಿನ ಸೊಪ್ಪಿನ ಪಾಯಸ. ಸೊಪ್ಪು ಕುದಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ, ತಿಂದ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ, ಮಕ್ಕಳಿಗೆ ಅದೇ ದೊಡ್ಡ ತಮಾಷೆ. ಆ ಗಿಡ ಎಲ್ಲಿ ಬೆಳೆಯುತ್ತದೆ? ನೆರಳಿರುವ, ತೇವ ಇರುವ ಕಾಡಂಚಿನಲ್ಲಿ, ಹಳೆಯ ತೋಟದ ಬದಿಯಲ್ಲಿ. ಈ ಸಲ ಸೊಪ್ಪು ತರಲು ಎಷ್ಟು ದೂರ ಹೋಗಬೇಕಾಯಿತು, ಅಜ್ಜಿಯ ಕಾಲದಲ್ಲಿ ಎಲ್ಲಿ ಸಿಗುತ್ತಿತ್ತು ಅಂತ ಮನೆಯಲ್ಲಿ ಕೇಳಿ ಬರೆದುಕೊಂಡು ಬನ್ನಿ ಅಂದರೆ ಸಾಕು. ಅಜ್ಜಿಯನ್ನು ಮಾತಾಡಿಸಿ ಬಂದ ಮಗುವಿಗೆ ಸ್ಲೈಡ್ ಬೇಕಾಗುವುದಿಲ್ಲ.

ದೊಡ್ಡವರಿಗೆ ಪಾಠ ಬೇಕಿರುವುದು ಗುಡ್ಡದ ಬಗ್ಗೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲ ಕಡೆ ಗುಡ್ಡ ಜಾರಿದ್ದು ಯಾರೂ ಮರೆತಿಲ್ಲ. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮಳೆ ವಿಪರೀತ ಸುರಿದದ್ದು ನಿಜ. ಮನೆಗೆ, ರಸ್ತೆಗೆ, ಹೋಂಸ್ಟೇಗೆ ಅಂತ ಇಳಿಜಾರನ್ನು ಜೆಸಿಬಿಯಲ್ಲಿ ಕಡಿದದ್ದೂ ನಿಜ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಆಗಲೇ ಇದನ್ನು ಹೇಳಿತ್ತು. ಆಮೇಲೂ ಗುಡ್ಡ ಕಡಿಯುವುದು ನಿಂತಿಲ್ಲ. ಅಂಥ ಕಡಿದ ಇಳಿಜಾರಿನ ಮೇಲೆ ನಿಂತ ಹೋಂಸ್ಟೇ ಬಂದವರಿಗೆ ಒಂದೊಂದು ಸಸಿ ಕೊಟ್ಟು ಹಸಿರು ಪ್ರವಾಸ ಅನ್ನುವುದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಹಾಗಾದರೆ ಡಿಸೆಂಬರ್‌ನಲ್ಲಿ ಬರುವವರು ಏನು ಮಾಡಬೇಕು? ಒಣ ತಿಂಗಳ ಕೆಲಸವೂ ಬೇಕಾದಷ್ಟಿದೆ, ಸ್ವಲ್ಪ ಬೋರು ಅಷ್ಟೇ. ಬೀಜ ಬೀಳುವ ಮೊದಲೇ ನರ್ಸರಿಗೆ ಮಣ್ಣು, ಗೊಬ್ಬರ, ಮರಳು ಬೆರೆಸಿ ಸಾವಿರಾರು ತೊಟ್ಟೆ ತುಂಬಿಸಿಡಬೇಕು. ನೆರಳಿನ ಚಪ್ಪರ ರಿಪೇರಿ ಆಗಬೇಕು. ಹಿಂದಿನ ವರ್ಷ ನೆಟ್ಟದ್ದರಲ್ಲಿ ಎಷ್ಟು ಉಳಿದಿದೆ ಅಂತ ಎಣಿಸಬೇಕು. ಲಂಟಾನ ಕೀಳಬೇಕು. ಎಲೆ ಉದುರುವ ಕಾಡಿನ ಕಡೆ ಕಾಳ್ಗಿಚ್ಚು ಹರಡದ ಹಾಗೆ ಬೆಂಕಿ ರೇಖೆ ಮಾಡುವಾಗ ಇಲಾಖೆಯವರು ಕರೆದರೆ ಹೋಗಬಹುದು. ದೈಹಿಕ ಕೆಲಸ ಆಗದವರು ಹಕ್ಕಿ, ಮರಗಳ ದಾಖಲೆ ಇಡಬಹುದು. ಯಾವ ಮರ ಯಾವಾಗ ಹೂ ಬಿಟ್ಟಿತು, ಯಾವಾಗ ಕಾಯಾಯಿತು ಅನ್ನುವ ಟಿಪ್ಪಣಿ ವರ್ಷ ವರ್ಷವೂ ಬೇಕು. ಮರಗಳಿಗೆ ಸೀಸನ್‌ವಾಚ್, ಹಕ್ಕಿಗಳಿಗೆ ಇ-ಬರ್ಡ್ ಅನ್ನುವ ಜಾಲತಾಣಗಳಿರುವುದೇ ಇದಕ್ಕೆ.

ಯಾರ ಜೊತೆ ಬರುವುದು ಅನ್ನುವುದನ್ನೂ ನೋಡಿ ಬನ್ನಿ. ದುಡ್ಡು ತೆಗೆದುಕೊಳ್ಳುವುದು ತಪ್ಪಲ್ಲ, ಊಟ ವಸತಿಗೆ ಖರ್ಚಿದೆ. ಆ ದುಡ್ಡಲ್ಲಿ ಊರಿನವರ ಕೂಲಿಗೆ ಎಷ್ಟು ಹೋಗುತ್ತದೆ ಅಂತ ಕೇಳಿ. ಜಾಗ ಯಾರದು, ಇಲಾಖೆಯ ಅನುಮತಿ ಇದೆಯೇ ಅಂತ ಕೇಳಿ. ಮೂರು ವರ್ಷದ ಹಿಂದೆ ನೆಟ್ಟ ಜಾಗ ತೋರಿಸಿ ಅನ್ನಿ. ಈ ಕೊನೆಯ ಪ್ರಶ್ನೆಗೆ ಮುಖ ಹುಳಿ ಮಾಡಿದರೆ ಅಲ್ಲಿಂದಲೇ ವಾಪಸ್ ಹೊರಡಬಹುದು.

ನನ್ನ ಕೇಳಿದರೆ ಹೊರಗಿನಿಂದ ಬಂದವರಿಗೆ ತಕ್ಕ ಕೆಲಸ ಇರುವುದು ಪಂಚಾಯಿತಿ ಕಚೇರಿಯಲ್ಲಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡ, ಮರ, ಪ್ರಾಣಿ, ಬೆಳೆ, ಮದ್ದಿನ ತಿಳಿವಳಿಕೆಯನ್ನೆಲ್ಲ ಜನರನ್ನು ಕೇಳಿ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಅವಸರದಲ್ಲಿ ತುಂಬಿದ ಪುಸ್ತಕದಿಂದ ಯಾರಿಗೂ ಉಪಯೋಗ ಇಲ್ಲ. ಮನೆಮನೆಗೆ ಹೋಗಿ, ಹಾಡಿಗೆ ಹೋಗಿ, ಕಾಫಿ ಕಣದ ಬದಿಯಲ್ಲಿ ಕೂತು ಕೇಳಿ ಬರೆಯಬೇಕು. ಅದಕ್ಕೆ ಕನ್ನಡ ಬರೆಯಲು ಬರುವ, ಅವಸರ ಇಲ್ಲದ ಇಬ್ಬರು ಸಾಕು, ಜೊತೆಗೆ ಊರಿನವರು ಒಬ್ಬರು. ಅಧ್ಯಕ್ಷರನ್ನೂ ಪಿಡಿಒ ಅವರನ್ನೂ ಮೊದಲೇ ಕಂಡು ಒಪ್ಪಿಗೆ ಪಡೆದು, ಕಾಫಿ ಕೊಯ್ಲಿನ ಕೆಲಸ ಮುಗಿದ ಸಂಜೆಗಳಲ್ಲಿ ಶುರು ಮಾಡಬಹುದು. ಮದ್ದಿನ ವಿಷಯ ಕೆಲವರು ಹೇಳುವುದಿಲ್ಲ, ಒತ್ತಾಯ ಮಾಡಬಾರದು. ಬರೆದದ್ದನ್ನು ಹೋಗುವ ಮೊದಲು ಊರವರ ಮುಂದೆ ಓದಿ ತಿದ್ದಿಸಿಕೊಂಡು, ಪುಸ್ತಕವನ್ನು ಪಂಚಾಯಿತಿಯಲ್ಲೇ ಬಿಟ್ಟು ಹೋಗಬೇಕು.